ಎಣ್ಣೆ ಬಣ್ಣ

ಎಣ್ಣೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಶೀಶೆಯ ಮುಚ್ಚಳ ತೆಗೆದ ಕೂಡಲೇ ಚಿತ್ರಕಾರನ ಕೈ ತಾನಾಗಿ ಕಿಟಕಿಯ ಅಗುಳಿಗೆ ಹೋಯಿತು. ಆಮೇಲೆ ನೆನಪಾಯಿತು: ಆ ವಾಸನೆಗೆ ಉಸಿರು ಕಟ್ಟುವವರು ಈಗ ಈ ಮನೆಯಲ್ಲಿಲ್ಲ.

ಮದುವೆಯಾದ ಹೊಸತರಲ್ಲಿ ಅವನು ಎಣ್ಣೆ ಬಣ್ಣದವನೇ. ಹೆಂಡತಿಗೆ ಉಬ್ಬಸ. ಒಂದು ಸಂಜೆ ಅವಳು ಗೋಡೆ ಹಿಡಿದು ಕುಸಿದದ್ದನ್ನು ಕಂಡವನು ಟ್ಯೂಬುಗಳನ್ನೆಲ್ಲ ಸ್ನೇಹಿತರಿಗೆ ಹಂಚಿಬಿಟ್ಟು ಜಲವರ್ಣಕ್ಕೆ ತಿರುಗಿದ. ಅದರಲ್ಲೇ ಹೆಸರೂ ಬಂತು. ಆದರೂ ಕೆಲಸ ಕೈಗೂಡದ ದಿನ, ನಿನ್ನಿಂದಾಗಿ ಈ ನೀರಿಗೆ ಗಂಟುಬಿದ್ದೆ ಎಂದು ಗೊಣಗುತ್ತಿದ್ದ. ನಾನು ಹೋದ ಮೇಲೆ ಮನಸಾರೆ ಬಳಿದುಕೊಳ್ಳಿ ಎಂದು ಅವಳು ನಗುತ್ತಿದ್ದಳು.

ಈಗ ಅವಳ ಮುಖವನ್ನೇ ಬರೆಯಲು ಕ್ಯಾನ್ವಾಸ್ ಬಿಗಿದು ಕೂತರೆ ಕೈ ಮಾತು ಕೇಳಲೊಲ್ಲದು. ಜಲವರ್ಣದಲ್ಲಿ ಬೆಳಕೆಂದರೆ ಮುಟ್ಟದೆ ಬಿಟ್ಟ ಕಾಗದ. ಇಲ್ಲಿ ಬೆಳಕನ್ನೂ ಬಣ್ಣದಿಂದಲೇ ತರಬೇಕು. ರೂಢಿಯ ಕೈ ಕೆನ್ನೆಯ ಜಾಗವನ್ನು ಮತ್ತೆ ಮತ್ತೆ ಖಾಲಿ ಬಿಡುತ್ತಿತ್ತು. ಬರೆದ, ಕೆರೆದು ತೆಗೆದ. ಎಷ್ಟೋ ದಿನ ಹೀಗೇ ಕಳೆದ ಮೇಲೆ, ಒಂದು ಮಧ್ಯಾಹ್ನ ಕುಂಚ ಬದಿಗಿಟ್ಟು ಬಣ್ಣದ ಚೂರಿಯಿಂದ ದಪ್ಪಗೆ ಮೆತ್ತಿದಾಗ ಕೆನ್ನೆ ಎದ್ದು ಬಂತು. ನೋಡು ಬಾ ಎನ್ನಲು ಅಡುಗೆಮನೆಯತ್ತ ತಿರುಗಿದವನು ತೆರೆದ ಬಾಯಿ ಮುಚ್ಚಿಕೊಂಡ.

ನಾದಿನಿ ಬಂದದ್ದು ಆಗಲೇ. ಅಕ್ಕನ ಬಟ್ಟೆಗಳನ್ನು ಒಯ್ಯುವುದಿತ್ತು. ಹೊಸಿಲಲ್ಲೇ ಮೂಗಿಗೆ ಕೈ ಅಡ್ಡ ಹಿಡಿದು ನಿಂತಳು.

"ಇಷ್ಟು ಬೇಗನಾ, ಭಾವ?"

ಅವನು ಚಿತ್ರ ಕಾಣುವಂತೆ ಪಕ್ಕಕ್ಕೆ ಸರಿದ. ಅವಳು ಕೈ ಇಳಿಸಿ ತುಂಬ ಹೊತ್ತು ನೋಡಿದಳು.

"ಅಕ್ಕನ ಕೆನ್ನೆ ಇಷ್ಟು ತುಂಬಿಕೊಂಡಿತ್ತಾ?"

"ನಿಂಗೆ ಆಸ್ಪತ್ರೇಲಿ ನೋಡಿದ ಮುಖ ನೆನಪಿರೋದು. ಇದು ಅದಕ್ಕಿಂತ ಎಷ್ಟೋ ಹಿಂದಿಂದು, ನಾನು ಎಣ್ಣೆ ಬಣ್ಣ ಬಿಡೋಕೆ ಮುಂಚಿಂದು."

ಅವನು ಚಹಾ ಮಾಡಲು ಒಳಗೆ ಹೋದ. ಒಣಗಲು ವಾರಗಟ್ಟಲೆ ಬೇಕು, ಮುಟ್ಟಬೇಡ ಎಂದು ಒಳಗಿನಿಂದಲೇ ಕೂಗಿ ಹೇಳಿದ. ಚಹಾ ತರುವಷ್ಟರಲ್ಲಿ ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಬಾಗಿಲಲ್ಲಿದ್ದಳು. ಕೂರಲು ಹೇಳಿದರೆ ಹೊತ್ತಾಯಿತೆಂದಳು. ಅವನ ಮುಖ ನೋಡದೆ ಮೆಟ್ಟಿಲಿಳಿದು ಹೋದಳು.

ಮರಳಿ ಚಿತ್ರದ ಮುಂದೆ ನಿಂತಾಗ ಕಂಡಿತು. ಕೆನ್ನೆಯ ಹಸಿ ಬಣ್ಣದಲ್ಲಿ, ಕಿವಿಯಿಂದ ಗದ್ದದವರೆಗೆ, ಒಂದು ಬೆರಳು ಸವರಿದ ಗುರುತು.

ಚೂರಿಯ ತುದಿಗೆ ಬಣ್ಣ ತೆಗೆದುಕೊಂಡು ಹತ್ತಿರ ಹೋದ. ಒಂದು ಗಳಿಗೆ ನಿಂತು, ಚೂರಿಯನ್ನು ಚಿಂದಿಯಲ್ಲಿ ಒರೆಸಿ ಕೆಳಗಿಟ್ಟ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಇಳಿಬಿಸಿಲು ಆ ಗೆರೆಯೊಳಗೆ ಒದ್ದೆಯಾಗಿ ಹೊಳೆಯುತ್ತಿತ್ತು.