ತಲೆಯಾಡಿಸಿದ್ದು ಕಾಣುವಷ್ಟು ಬೆಳಕು

ಬ್ಯೂನಸ್ ಐರಿಸ್‌ನ ಬೊಯೆದೊ ಬಡಾವಣೆಯ ಕ್ಲಬ್ಬಿನ ದೀಪಗಳಿಗೆ ನಲವತ್ತು ವರ್ಷದಿಂದ ಒವಿಡಿಯೊನೇ ದಿಕ್ಕು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಟ್ಯಾಂಗೊ ಕುಣಿತ. ಗಂಡಸರು ಒಂದು ಗೋಡೆಗೆ, ಹೆಂಗಸರು ಎದುರು ಗೋಡೆಗೆ. ಕರೆಯುವವನು ಇಲ್ಲಿಂದಲೇ ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಬೇಕು; ಒಪ್ಪಿದವಳು ಅಲ್ಲಿಂದಲೇ ತಲೆಯಾಡಿಸಬೇಕು. ಮದುವೆಯಾಗಿ ನಲವತ್ತನಾಲ್ಕು ವರ್ಷವಾದರೂ ಅವನ ಹೆಂಡತಿ ಎಲ್ಬಾ ಈ ನೇಮ ಬಿಟ್ಟವಳಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಬಾಗಿಲಲ್ಲಿ ಪರಿಚಯವೇ ಇಲ್ಲದವರ ಹಾಗೆ ಬೇರೆಯಾಗುತ್ತಿದ್ದರು.

ಈ ವರ್ಷ ಎಲ್ಬಾಳ ಕಣ್ಣು ಮಂಜಾಯಿತು. ಆಪರೇಷನ್ ಆದರೂ ಅಷ್ಟಕ್ಕಷ್ಟೇ. ಕ್ಲಬ್ಬಿನ ಮಬ್ಬು ಬೆಳಕಿನಲ್ಲಿ ಎದುರು ಸಾಲಿನ ಗಂಡಸರೆಲ್ಲ ಅವಳಿಗೆ ಹಗ್ಗದ ಮೇಲೆ ಒಣಹಾಕಿದ ಶರ್ಟುಗಳು. ಒವಿಡಿಯೊ ತಲೆಯಾಡಿಸಿ ಆಡಿಸಿ ಕತ್ತು ನೋವು ಬರಿಸಿಕೊಂಡ. ಅವಳು ಕೂತಲ್ಲೇ ಕೂತಿದ್ದು ಮನೆಗೆ ಬಂದಳು.

"ಇನ್ಮೇಲೆ ನಾನ್ ಬರಲ್ಲ ಮುದುಕಾ. ನೀನೊಬ್ನೇ ಹೋಗು."

"ನಾನೇ ನಿನ್ ಮೇಜಿನ ಹತ್ರ ಬಂದು ಕೇಳ್ತೀನಿ ಕಣೇ."

"ಬಾಯ್ಬಿಟ್ಟು ಕೇಳೋರು ಒರಟರು. ಬಂದು ನೋಡು, ಎಲ್ಲರ ಮುಂದೇನೇ ಆಗಲ್ಲ ಅಂತೀನಿ."

ಅನ್ನುವವಳೇ! ಕ್ಲಬ್ಬಿನ ದೀಪವನ್ನೆಲ್ಲ ಜೋರು ಮಾಡೋಣವೆಂದರೆ, ಸುಕ್ಕು ಮುಚ್ಚಿಕೊಂಡು ಬಂದ ಉಳಿದ ಹೆಂಗಸರು ಅವನನ್ನು ಉಳಿಸುತ್ತಿರಲಿಲ್ಲ. ಕುಣಿತ ಬಿಟ್ಟರೆ ಎಲ್ಬಾ ಮೂಲೆ ಹಿಡಿಯುತ್ತಾಳೆಂದು ಅವನಿಗೆ ನಿಜಕ್ಕೂ ಭಯವಾಯಿತು. ಹೊಸ ಟ್ರಾನ್ಸ್‌ಫಾರ್ಮರ್ ತಂದು ತನ್ನ ಕುರ್ಚಿಯ ಮೇಲೆ ಕಡಿಮೆ ವೋಲ್ಟಿನ ಒಂದು ಪುಟ್ಟ ದೀಪ ತೂಗಿಹಾಕಿದ. ಬೆಳಕನ್ನು ಹದ ಮಾಡಲು ಪೆಟ್ಟಿಗೆಯಲ್ಲಿದ್ದ ತನ್ನ ನೆಚ್ಚಿನ ಹಳೇ ಡಿಮ್ಮರ್ ಹಾಕಿದ. ಇದೊಂದು ಸಲ ಬಾ ಎಂದು ಹೆಂಡತಿಯನ್ನು ಗೋಗರೆದು ಕರೆತಂದ.

ಹಾಡು ಶುರುವಾಗುವ ಮುಂಚೆ ಡಿಮ್ಮರ್ ತಿರುಗಿಸಿ ಬಂದು ಕೂತನೋ ಇಲ್ಲವೋ, ದೀಪ ಪಟಪಟನೆ ಮಿಟುಕತೊಡಗಿತು. ಮುಖದ ಮೇಲೆ ನೆರಳು ಕುಣಿದು, ಅವನು ಊರಿಗೆಲ್ಲ ತಲೆಯಾಡಿಸುತ್ತಿರುವಂತೆ ಕಂಡ. ಎಂಬತ್ತು ದಾಟಿದ ಡೋನ್ಯಾ ಪೊರೋಟಾ ಎಂಬ ಅಜ್ಜಿ ಸಂಭ್ರಮದಿಂದ ತಲೆಯಾಡಿಸಿ ಒಪ್ಪಿಕೊಂಡರು. ಇನ್ನು ಹಿಂದೆಗೆಯುವಂತಿಲ್ಲ. ನೇಮದಂತೆ ಸತತ ನಾಲ್ಕು ಹಾಡು ಆಕೆಯ ಜೊತೆ ಕುಣಿದ. ಎಲ್ಬಾ ಅಂದು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಮರುದಿನ ವಿದ್ಯುತ್ ಸಾಮಾನಿನ ಅಂಗಡಿಯ ಮಿರ್ತಾ ಅವನ ಡಿಮ್ಮರನ್ನು ನೋಡಿ ನಕ್ಕುಬಿಟ್ಟಳು.

"ಇದು ಆ ಹಳೇ ಭಾರದ ಕಬ್ಬಿಣದ ಟ್ರಾನ್ಸ್‌ಫಾರ್ಮರ್‌ಗೆ ಜೋಡಿ ಅಲ್ವಾ ಡೋನ್ ಒವಿಡಿಯೊ? ಇದು ಕರೆಂಟಿನ ಒಂದೊಂದು ಅಲೇನೂ ತಲೆ ಕಡೆಯಿಂದ ಕತ್ತರಿಸುತ್ತೆ. ನೀವು ತಂದಿರೋದು ಎಲೆಕ್ಟ್ರಾನಿಕ್ದು. ಅದಕ್ಕೆ ಬಾಲ ಕತ್ತರಿಸೋ ಡಿಮ್ಮರ್ ಬೇಕು."

"ನಲವತ್ ವರ್ಷ ತಲೇನೇ ಕತ್ತರಿಸಿದೀನಿ ಕಣಮ್ಮಾ, ಒಬ್ರೂ ದೂರು ಹೇಳ್ಲಿಲ್ಲ!"

"ಇನ್ನೂ ಒಂದಿದೆ. ನಿಮ್ಮ ಹೊಸ ಟ್ರಾನ್ಸ್‌ಫಾರ್ಮರ್‌ಗೆ ಕಮ್ಮಿ ಅಂದ್ರೆ ಇಪ್ಪತ್ತು ವ್ಯಾಟ್ ಹೊರೆ ಇರ್ಬೇಕು. ನೀವು ಹಾಕಿರೋದು ಐದು ವ್ಯಾಟಿನ ಒಂದೇ ಬಲ್ಬು. ಒಬ್ಬರಿಗೋಸ್ಕರ ಇದು ನೆಟ್ಟಗೆ ಉರಿಯಲ್ಲ."

ಹೀಗಾಗಿ ಬಾಲ ಕತ್ತರಿಸುವ ಡಿಮ್ಮರ್ ಬಂತು, ತನ್ನೊಬ್ಬನಿಗೆಂದು ಕದ್ದುಮುಚ್ಚಿ ಹಾಕಿದ್ದ ದೀಪ ಐದಾಯಿತು. ಅಕ್ಕಪಕ್ಕದ ನಾಲ್ವರು ಮುದುಕರಿಗೂ ಬೆಳಕಿನ ಭಾಗ್ಯ ಬಂತು. ಮುಂದಿನ ಭಾನುವಾರ ಒಬ್ಬರಂತೂ ಮೀಸೆಗೆ ಬಣ್ಣ ಹಚ್ಚಿಕೊಂಡೇ ಬಂದರು.

ಎಲ್ಬಾ ಬಂದಿದ್ದೇ ದೊಡ್ಡದು. ಇದು ಕಡೇ ಸಲ ಎಂದು ಹೇಳಿಯೇ ಬಂದಿದ್ದಳು. ಒವಿಡಿಯೊ ಡಿಮ್ಮರ್ ತಿರುಗಿಸಿದ. ಬೆಳಕು ಅಲುಗದೆ, ಸದ್ದಿಲ್ಲದೆ ಹದಕ್ಕಿಳಿದು ನಿಂತಿತು. ಅವನು ಕೂತು ಅವಳತ್ತ ತಲೆಯಾಡಿಸಿದ.

ಅವಳು ಅವನ ಕಡೆಗೇ ಮುಖ ಮಾಡಿದ್ದಳು. ಆದರೆ ಅಲುಗಲಿಲ್ಲ.

ಇಷ್ಟು ಮಾಡಿಯೂ ಕಾಣಲಿಲ್ಲವಲ್ಲ! ಹಾಡು ಶುರುವಾಗಿ ಒಂದೊಂದೇ ಜೋಡಿ ಎದ್ದಿತು. ಬೇರೆ ದಾರಿ ಕಾಣದೆ, ಬೇಡುವವನ ಹಾಗೆ ಇನ್ನೊಮ್ಮೆ ತಲೆಯಾಡಿಸಿದ.

ಎಲ್ಬಾ ಮೆಲ್ಲಗೆ ತಲೆಯಾಡಿಸಿದಳು.

ಅವನು ದಾಪುಗಾಲಿಟ್ಟು ಅವಳ ಮುಂದೆ ಬಂದು ನಿಂತ. "ಮೊದಲ್ನೇ ಸಲ ಕಾಣ್ಲಿಲ್ವೇನೇ?"

"ಕಾಣ್ತು."

"ಮತ್ತೆ?"

"ನೀನು ಕೇಳೋವಾಗಿನ ಮುಖ ನೋಡಿ ಎಷ್ಟ್ ತಿಂಗಳಾಗಿತ್ತೋ. ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತು."

ಅವನಿಗೆ ಹೆಜ್ಜೆಯೇ ಮರೆತುಹೋಯಿತು. ಮೊದಲ ಹಾಡು ಮುಗಿಯುವವರೆಗೂ ಅವಳೇ ಅವನನ್ನು ನಡೆಸಿದಳು.