ನಲವತ್ತೊಂದು ಗಂಟೆ

ಸಾವಿರದ ಐನೂರ ಇಪ್ಪತ್ತೆರಡು. ಮತ್ತೆ ಕೂಡಿದ. ಅಷ್ಟೇ ಬಂತು.

ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ ಮಾರುವ ಕಂಪನಿಗಳು ಏಳು. ಒಂದೊಂದರ ವರ್ಷದ ಶೇಕಡಾ ಪಾಲನ್ನು ಅದರಿಂದಲೇ ಗುಣಿಸಿ, ಏಳನ್ನೂ ಕೂಡಬೇಕು. ಮೊತ್ತ ಸಾವಿರದ ಎಂಟುನೂರು ದಾಟದಿದ್ದರೆ ದೇಶದಲ್ಲಿ ಪೈಪೋಟಿ ಆರೋಗ್ಯವಾಗಿದೆ ಎಂದು ಬರೆದು ಸಹಿ ಹಾಕಬೇಕು. ವಿದ್ಯುತ್ ನಿಯಂತ್ರಣ ಆಯೋಗದ ಈ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಹಾಕಿದ್ದಾನೆ.

ಈ ಸಲ, ಹಾಳು ಕುತೂಹಲ, ಗಂಟೆ ಗಂಟೆಯ ಲೆಕ್ಕ ತೆಗೆದಿದ್ದ. ಬೇಸಿಗೆಯ ನಲವತ್ತೊಂದು ಮಧ್ಯಾಹ್ನ, ಮೂರರಿಂದ ನಾಲ್ಕರವರೆಗೆ, ಉಳಿದ ಆರು ಕಂಪನಿಗಳು ಎಷ್ಟು ಕೊಟ್ಟರೂ ಸಾಲದು. ಏಳನೆಯ, ಎಲ್ಲಕ್ಕಿಂತ ದೊಡ್ಡ ಕಂಪನಿ ಬೇಕೇ ಬೇಕು. ಸರಿಯಾಗಿ ಆಗಲೇ ಅದರ ಒಂದು ಸ್ಥಾವರ ರಿಪೇರಿಗೆಂದು ನಿಂತಿತ್ತು. ದರ ಗಗನಕ್ಕೇರಿತ್ತು, ಅರ್ಧ ಊರಿಗೆ ಕರೆಂಟ್ ಹೋಗಿತ್ತು. ವರದಿಯ ಮೊದಲ ಪುಟದಲ್ಲಿ ಇದನ್ನು ಬರೆದು ಕಳಿಸಿದರೆ, ನಿಯಮದ ಪ್ರಕಾರ ಆ ಕ್ಷಣದಿಂದ ಆಯೋಗದ ಅನುಮತಿಯಿಲ್ಲದೆ ಆ ಸ್ಥಾವರವನ್ನು ನಿಲ್ಲಿಸುವಂತಿಲ್ಲ.

ಮನೆಯಲ್ಲಿ ಅವನನ್ನು ಸಾಕಿದ ಅಕ್ಕ, ಅಕ್ಕನ ಪಕ್ಕ ಉಸಿರಾಟದ ಯಂತ್ರ. ಅದರ ಬ್ಯಾಟರಿ ನಲವತ್ತು ನಿಮಿಷ ಬರುತ್ತದೆ. ಹೋದ ವಾರ ಮೂವತ್ತೆಂಟನೇ ನಿಮಿಷಕ್ಕೆ ಕರೆಂಟ್ ಬಂದಿತ್ತು. "ಇನ್ನೂ ಎರಡು ನಿಮಿಷ ಉಳಿಸಿದೀನಿ ಕಣೋ ಲೆಕ್ಕಪ್ಪ, ಬರ್ಕೋ," ಎಂದಿದ್ದಳು. ಬದಲಿ ಬ್ಯಾಟರಿಯನ್ನು ಇವತ್ತು ಬೆಳಿಗ್ಗೆ ರಿಪೇರಿ ಅಂಗಡಿಯಿಂದ ಬಿಡಿಸಿಕೊಂಡು ಚೀಲದಲ್ಲಿಟ್ಟುಕೊಂಡಿದ್ದ.

"ಅನುಬಂಧಕ್ಕೆ ಹಾಕಿ," ಎಂದರು ನಿರ್ದೇಶಕರು, ಕಡತದಿಂದ ತಲೆಯೆತ್ತದೆ.

"ಅನುಬಂಧ ಯಾರೂ ಓದಲ್ಲ ಸಾರ್."

"ಅದಕ್ಕೇ ಹೇಳಿದ್ದು."

"ಆ ಗಂಟೆಗಳಲ್ಲಿ ಪೈಪೋಟಿನೇ ಇಲ್ಲ ಸಾರ್."

"ವರ್ಷಕ್ಕೆ ಎಂಟು ಸಾವಿರದ ಏಳ್ನೂರ ಅರವತ್ತು ಗಂಟೆ ಇದೆಯಲ್ರೀ. ಆ ನಲವತ್ತೊಂದೇ ಯಾಕೆ ನಿಮ್ಮ ಕಣ್ಣಿಗೆ ಬೀಳೋದು?" ಆಮೇಲೆ, ಮಾತು ತೇಲಿಸಿ, "ಮನೇಲಿ ಅಕ್ಕ ಚೆನ್ನಾಗಿದಾರಾ?"

ವರ್ಷದ ಸರಾಸರಿಯಲ್ಲಿ ಅಕ್ಕ ಚೆನ್ನಾಗಿಯೇ ಉಸಿರಾಡುತ್ತಿದ್ದಳು.

"ಚೆನ್ನಾಗಿದಾರೆ ಸಾರ್."

ನಲವತ್ತೊಂದು ಗಂಟೆಗಳನ್ನು ಅನುಬಂಧಕ್ಕೆ ತಳ್ಳಿ ಸಹಿ ಹಾಕಿದ. ಥೂ, ಎಷ್ಟು ಸಲೀಸು! ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಅದೂ ಸ್ವಲ್ಪವೇ. ಅರ್ಧ ದಿನದ ರಜೆ ಬರೆದುಕೊಟ್ಟು, ಚೀಲ ಹೆಗಲಿಗೇರಿಸಿ ಲಿಫ್ಟ್ ಹತ್ತಿದ.

ಐದನೇ ಮಹಡಿ ದಾಟಿದ್ದೇ ತಡ, ಲಿಫ್ಟ್ ಗಕ್ಕನೆ ನಿಂತಿತು. ದೀಪ ಹೋಯಿತು. ಮೂರು ಗಂಟೆ ಎರಡು ನಿಮಿಷ.

ಅಕ್ಕನ ಫೋನ್ ಬಂತು.

"ಕರೆಂಟ್ ಹೋಯ್ತು ಕಣೋ. ಬ್ಯಾಟರಿ ನಿನ್ನ ಹತ್ರ ತಾನೆ?"

"ಹೂಂ. ಬರ್ತಾ ಇದೀನಿ."

"ವರದಿ ಮುಗೀತಾ?"

"ಮುಗೀತು."

"ಏನಂತ ಬರೆದೆ?"

"ಎಲ್ಲ ಸರಿಯಾಗಿದೆ ಅಂತ."

ಅಕ್ಕ ನಕ್ಕಳು. ನಗು ಕೆಮ್ಮಾಯಿತು. "ಸರಿ ಬಿಡು. ಬೇಗ ಬಾ ಮಾರಾಯ, ಮಾತಾಡಿದಷ್ಟೂ ಉಸಿರು ಖರ್ಚು."

ಆದರೆ ಫೋನ್ ಇಡಲಿಲ್ಲ. ಆ ಕಡೆಯಿಂದ ಯಂತ್ರದ ಬೀಪ್ ಬಿಟ್ಟು ಬಿಟ್ಟು ಕೇಳಿಸುತ್ತಿತ್ತು.

ಅವನು ಬಾಗಿಲು ಬಡಿದ, ಕೂಗಿದ. ಯಾರೂ ಓಗೊಡಲಿಲ್ಲ. ಮೊಬೈಲಿನ ಬೆಳಕಿನಲ್ಲಿ ಗೋಡೆಯ ಮೇಲಿನ ಗುಂಡಿಗಳು ಕಂಡವು. ಮಹಡಿಗೊಂದರಂತೆ ಏಳು. ಮೊದಲನೆಯದನ್ನು ಒತ್ತಿದ. ಎರಡನೆಯದನ್ನು ಒತ್ತಿದ. ಏಳನ್ನೂ ಒತ್ತಿ ಮುಗಿಸಿ, ಮತ್ತೆ ಮೊದಲನೆಯದರಿಂದ ಶುರು ಮಾಡಿದ.