ಮಾತುಗಾರನ ಮಾತ್ರೆ

ಪೆನಿನಾ ಗಂಡನ ಕಣಕಾಲಿನ ಮೇಲೆ ಹೆಬ್ಬೆರಳೊತ್ತಿ ತೆಗೆದಳು. ಬಿದ್ದ ಕುಳಿ ಬಿದ್ದಂತೆಯೇ ಉಳಿಯಿತು. ಹೋದ ವರ್ಷ ಎದೆ ಕೈಕೊಟ್ಟು ಆಸ್ಪತ್ರೆ ಸೇರಿದಾಗಲೂ ಕಾಲು ಹೀಗೇ ಊದಿತ್ತು.

"ಮಾತ್ರೆ ತಗೋತಿದೀರಿ ತಾನೆ?"

"ದಿನಾ ತಗೋತೀನಲ್ಲ ಮಾರಾಯ್ತಿ, ಬೆಳಿಗ್ಗೆ ಎರಡು, ಸಂಜೆ ಎರಡು," ಎಂದ ತವೀತಾ, ಮಾತುಗಾರರು ಹಿಡಿಯುವ ತೆಂಗಿನ ನಾರಿನ ಚವರಿಯನ್ನು ಕೊಡವುತ್ತ.

"ಹಾಗಾದ್ರೆ ಇದೇನು?"

ಅವಳು ಬಿಸ್ಕತ್ತಿನ ಡಬ್ಬ ತೆರೆದು ಮುಂದಿಟ್ಟಳು. ಆಸ್ಪತ್ರೆಯವರು ಕೊಟ್ಟ ಮೂರು ತಿಂಗಳ ಮಾತ್ರೆಯ ಪಟ್ಟಿಗಳು ಒಂದೂ ಒಡೆಯದೆ ಬಿದ್ದಿದ್ದವು. ಅವನು ಜಗಿಯುತ್ತಿದ್ದುದು ಆಕ್ಲೆಂಡಿನಿಂದ ಮಗಳು ಎಲಿಸಾ ಕಳಿಸಿದ್ದ ಕಿತ್ತಳೆ ಬಣ್ಣದ ಗುಳಿಗೆಗಳನ್ನು ಮಾತ್ರ.

"ಅದು ನೀರಿನ ಮಾತ್ರೆ ಕಣೇ. ನುಂಗಿದ ಗಂಟೆಯೊಳಗೆ ಒಂದಕ್ಕೆ ಓಡಬೇಕು. ಬೀಗರ ಎದುರು ಕೋಲೂರಿ ನಿಂತವನು ವಂಶಾವಳಿ ಅರ್ಧಕ್ಕೆ ಬಿಟ್ಟು ಬಾಳೆಗಿಡದ ಹಿಂದೆ ಓಡ್ಲಾ? ಇಡೀ ಸಮೋವಾ ನಗುತ್ತೆ. ಇದು ವಿಟಮಿನ್ ಸಿ. ಇದೂ ಎದೆಗೆ ಒಳ್ಳೇದಂತೆ, ನಿನ್ನ ಮಗಳೇ ಹೇಳಿದ್ದು."

"ಅದರ ಜೊತೆಗೆ ತಗೊಳ್ಳಿ ಅಂದ್ಲು, ಅದರ ಬದಲಿಗೆ ಅಂದ್ಲಾ? ಊರಿಗೆಲ್ಲ ಬುದ್ಧಿ ಹೇಳೋ ಬಾಯಿಗೆ ಪೆಪ್ಪರ್‌ಮೆಂಟು ಸಾಕಾಯ್ತಾ!"

ತವೀತಾ ಚವರಿಯನ್ನು ಹೆಗಲಿಗೇರಿಸಿದ. ಮೂವತ್ತು ವರ್ಷದಿಂದ ಸಭೆಗಳಲ್ಲಿ ಊರಿನ ಪರವಾಗಿ ಮಾತಾಡುತ್ತ ಬಂದವನು ಅವನೇ. ತೀರಿಕೊಂಡ ಊರ ಹಿರಿಯ ಯಜಮಾನನ ಬೀಗರು ಇವತ್ತು ಸವಾಯಿ ದ್ವೀಪದಿಂದ ಸಾವಿನ ಕಾಣಿಕೆಯಾಗಿ ನಯದ ಚಾಪೆಗಳನ್ನು ಹೊತ್ತು ಬರುವವರಿದ್ದರು. ಪೆನಿನಾ ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿ ಅವನ ಅಂಗೈಗಿಟ್ಟಳು.

"ನೀವು ಮಾತಾಡದಿದ್ರೆ ಜನ ಒಂದು ದಿನ ಆಡಿಕೊಳ್ತಾರೆ. ನೀವೇ ಇಲ್ಲದಿದ್ರೆ ನಾನೇನು ಮಾಡ್ಲಿ?"

ಅವನು ಮುಷ್ಟಿ ಬಿಗಿದುಕೊಂಡು ಸಭೆ ಸೇರುವ ಬಯಲಿನ ಕಡೆ ಹೊರಟುಬಿಟ್ಟ. ನುಂಗಿದನೋ, ದಾರಿಯಲ್ಲಿ ಎಸೆದನೋ, ದೇವರೇ ಬಲ್ಲ.

ಹೆಂಗಸರ ಸಾಲಿನಲ್ಲಿ ಪೆನಿನಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಮ್ಮೆ ಬೀಸಣಿಗೆ ಬೀಸಿದಳು, ಒಮ್ಮೆ ಅದನ್ನೇ ಮಡಚಿ ಕಚ್ಚಿದಳು. ಬೀಗರು ಬಂದು ಕೂತರು. ಯಾರು ಮಾತಾಡಬೇಕೆಂದು ಊರಿನ ಮಾತುಗಾರರು ಎಲ್ಲರೆದುರೇ ವಾದಿಸಿ ತೀರ್ಮಾನಿಸುವುದು ಪದ್ಧತಿ, ಅದು ಶುರುವಾಯಿತು. ಒಬ್ಬೊಬ್ಬರೇ ತಮ್ಮ ಹಕ್ಕು ಹೇಳಿ, ಕೊನೆಗೆ ಎಂದಿನಂತೆ ತವೀತಾನಿಗೆ ಬಿಟ್ಟುಕೊಟ್ಟರು. ತವೀತಾ ಮಾತುಗಾರನ ಕೋಲೂರಿ ಎದ್ದುನಿಂತ.

ಮಾತ್ರೆ ಎಸೆದೇಬಿಟ್ಟಿದ್ದಾನೆ! ಪೆನಿನಾ ಬೀಸಣಿಗೆಯನ್ನು ನೆಲಕ್ಕೆ ಕುಕ್ಕಿದಳು.

ತವೀತಾ ಅಣ್ಣನ ಮಗನ ಕಡೆ ತಿರುಗಿದ. "ಇಯೋನೆ, ಆ ಬಾಯನ್ನ ಇನ್ನೆಷ್ಟು ದಿನ ಬರೀ ಊಟಕ್ಕೆ ತೆರೀತೀಯೋ? ಬಾ, ಹಿಡ್ಕೋ."

ಜನ ನಕ್ಕರು. ಇಯೋನೆ ಎದ್ದುಬಂದು ಕೋಲು ಹಿಡಿದ. ತವೀತಾ ಬಯಲಿನ ಅಂಚಿನವರೆಗೆ ಗಂಭೀರವಾಗಿ ನಡೆದ. ಅಂಚು ದಾಟಿದ್ದೇ ತಡ, ಬಾಳೆಗಿಡಗಳತ್ತ ದಾಪುಗಾಲು ಹಾಕಿದ. ಪೆನಿನಾಳಿಗೆ ನಗುವೂ ಬಂತು, ಅಳುವೂ ಬಂತು.

ಅವನು ಮರಳಿ ಬಂದು ಬಯಲಂಚಿನ ಮನೆಯ ಕಂಬಕ್ಕೊರಗಿ ಕೂತಾಗ ಇಯೋನೆ ವಂಶಾವಳಿ ಹೇಳುತ್ತಿದ್ದ. ಬರಿಗೈಗಳನ್ನು ತೊಡೆಯ ಮೇಲಿಟ್ಟು ತವೀತಾ ಸದ್ದಿಲ್ಲದೆ ತುಟಿಯಾಡಿಸುತ್ತಿದ್ದ. ಒಂದು ಹೆಸರಿನ ಬಳಿ ಹುಡುಗ ತಡವರಿಸಿದ. ಮುದುಕನ ತುಟಿಗಳೂ ಅಲ್ಲೇ ನಿಂತು, ಅವನಿಗಾಗಿ ಕಾದವು.